ಅಂಚು

ಸೂರ್ ಪಟ್ಟಣದ ಆಸ್ಪತ್ರೆಯ ಹಿಂಬದಿ,
ಎಸಿ ನೀರು ತೊಟ್ಟಿಕ್ಕುವ ಕಿಟಕಿಯ ಪಕ್ಕ
ನನ್ನ ಸೂಕ್ಷ್ಮದರ್ಶಕ.
ಗಾಜಿನ ಮೇಲೆ ಒಂದು ತುಟಿಯ ಚೂರು
ಅಕ್ಕಿಕಾಳಿಗಿಂತ ಸಣ್ಣದು.
ಗುಲಾಬಿ, ನೇರಳೆ.

ಚೀಟಿಯಲ್ಲಿ: ಬುಡನ್‌ಸಾಬ್, ಅರವತ್ತಮೂರು, ದರ್ಜಿ.
ಕೆಳತುಟಿಯೊಳಗೆ ಹುಣ್ಣು, ಏಳು ವಾರದಿಂದ.
ಕೊನೆಗೆ ಯಾರದೋ ಅವಸರದ ಅಕ್ಷರ:
ಲಿಂಫೋಮಾ? ಹಾಡ್ಜ್‌ಕಿನ್?
ಎರಡು ಪ್ರಶ್ನಾರ್ಥಕಗಳು
ಗಾಳದ ಹಾಗೆ ಕೊಂಕಿ ನಿಂತಿದ್ದವು.

ಹುಡುಕಿದೆ. ದೊಡ್ಡ ಕೋಶಗಳು ಸಿಕ್ಕವು, ಸಿಗಬಾರದಿತ್ತು.
ಜೋಡಿ ಕೇಂದ್ರ, ನಡುವೆ ಕೆಂಪು ಬೊಟ್ಟು,
ಗೂಬೆ ನೆಟ್ಟು ನೋಡಿದ ಹಾಗೆ.
ಬಣ್ಣ ಹಾಕಿದರೆ ಕಂದು ಹತ್ತಬೇಕು. ಹತ್ತಿತು.
ಪಠ್ಯದ ಚಿತ್ರವನ್ನೇ ಕತ್ತರಿಸಿ ಅಂಟಿಸಿದಷ್ಟು ಒಪ್ಪಿತು.
ಅಷ್ಟು ಒಪ್ಪಿದ್ದೇ ನನಗೆ ಒಪ್ಪಲಿಲ್ಲ.

ಹೆಸರು ಬರೆದು ಕೈ ತೊಳೆಯಬಹುದಿತ್ತು.
ಮಸ್ಕತ್ತಿನಲ್ಲಿ ಭಾನುವಾರಕ್ಕೆ
ಹಾಸಿಗೆಯೂ, ನರಕ್ಕೆ ಇಳಿಸುವ ಔಷಧಿಯೂ
ಗೊತ್ತಾಗಿದ್ದವು.

ಲೆನ್ಸು ತಿರುಗಿಸಿ ಚಿಕ್ಕದಕ್ಕೆ ತಂದೆ.
ಈಗ ಇಡೀ ಹುಣ್ಣು ಒಮ್ಮೆಗೇ:
ಕೆಳಗೆ ಪುಟ್ಟ ಕೋಶಗಳ ದಟ್ಟ ಪಟ್ಟಿ,
ಮಡಿಚಿ ಹೊಲಿದ ಅಂಚು.
ಅದರಾಚೆ ಶಾಂತವಾದ ಮಾಂಸ.
ನನಗೆ ಗೊತ್ತಿರುವ ಕ್ಯಾನ್ಸರು
ಅಂಚು ಹೊಲಿಯುವ ತಾಳ್ಮೆಯದಲ್ಲ.

ಸಂಜೆ ಅವರ ಅಂಗಡಿಗೇ ಹೋದೆ,
ಹಡಗು ಕಟ್ಟುವ ಅಂಗಳದ ಹತ್ತಿರ,
ತೂಗುಹಾಕಿದ ಬಿಳಿ ದಿಶ್‌ದಾಶಾಗಳು,
ಕೊರಳಲ್ಲಿ ಒಂದೊಂದು ಕುಚ್ಚು.
‘ಸವಣೂರ ಅಂದಕೂಡ್ಲೆ ಎಲ್ಲಾರೂ ಎಲಿ ಕೇಳ್ತಾರ್ರೀ.
ಎಲಿ ಬಿಟ್ಟು ಹನ್ನೆರಡ ವರ್ಷಾತು.
ಗುಂಡುಪಿನ್ನು ಚುಚ್ಚಿರಬೇಕ್ರೀ, ಅಷ್ಟ.
ನಲವತ್ತ ವರ್ಷ ಈ ತುಟಿನ ನನ್ನ ಪಿನ್ನಿನ ಡಬ್ಬಿ.’

ಮತ್ತೇನು ನುಂಗುತ್ತೀರಿ?
ಬೆರಳು ಚಾಚಿದರು, ಗಂಟುಗಂಟು.
‘ಕೀಲಿನ ಬ್ಯಾನಿಗೆ ಹಳದಿ ಗುಳಿಗಿ, ಆರ ವರ್ಷದಿಂದ.
ಶುಕ್ರವಾರ ಜುಮ್ಮಾ ಮುಗಿಸಿ, ವಾರಕ್ಕೊಮ್ಮೆ.’
ಆ ಹಳದಿ ಯಾವ ಚೀಟಿಯಲ್ಲೂ ಇರಲಿಲ್ಲ.

ಸಣ್ಣಂದಿನಲ್ಲಿ ಯಾರದೋ ಎಂಜಲಲ್ಲಿ ಬಂದು
ಸದ್ದಿಲ್ಲದೆ ಉಳಿದುಬಿಡುವ ಒಕ್ಕಲೊಂದಿದೆ,
ಅವರಲ್ಲೂ, ನನ್ನಲ್ಲೂ, ಇದನ್ನು ಓದುವವರಲ್ಲೂ ಬಹುಶಃ.
ಕಾವಲಿನವನಿಗೆ ಜೋಂಪು ಹತ್ತಿಸುವುದು ಆ ಗುಳಿಗೆ.
ಆಗ ಅದು ಎದ್ದು ಒಂದು ಕೋಣೆಯನ್ನಷ್ಟೇ
ಹಾಳುಗೆಡವುತ್ತದೆ.

ಆದರೆ ಊಹೆಗೆ ಸಹಿ ಹಾಕಲಾಗದು.
ಮೇಣದ ಬಿಲ್ಲೆಯಲ್ಲಿ ತುಟಿಯನ್ನು ಕೂರಿಸಿ
ಮಸ್ಕತ್ತಿಗೆ ಕಳಿಸಿದೆ, ಜೂನ್ ತಿಂಗಳು.
ನನ್ನ ಮುರುಕು ಅರಬ್ಬಿಯಲ್ಲಿ ಡ್ರೈವರ್ ಖಲ್ಫಾನನಿಗೆ ಹೇಳಿದೆ:
ನಿಂತ ಗಾಡಿಯಲ್ಲಿ ಇಡಬೇಡ, ಕರಗುತ್ತದೆ.
ಅವನು ದಾರಿಯಲ್ಲಿ ಚಹಾ ಕುಡಿಯಲು ಇಳಿದಾಗಲೂ
ಜೇಬಲ್ಲಿಟ್ಟುಕೊಂಡನಂತೆ.

ಮೂರನೆಯ ದಿನ ಡಾಕ್ಟರ್ ರಯ್ಯಾ ಫೋನಿನಲ್ಲಿ:
ಆ ದೊಡ್ಡ ಕೋಶಗಳ ತುಂಬ ವೈರಸ್ಸಿನ ಗುರುತು,
ಇರುಳಿನಷ್ಟು ನೀಲಿ.
ಸ್ಕ್ಯಾನಿನಲ್ಲಿ ಕುತ್ತಿಗೆ, ಕಂಕುಳು, ಹೊಟ್ಟೆ
ಎಲ್ಲೂ ಗಂಟಿಲ್ಲ.
ಹಾಸಿಗೆ ರದ್ದು ಮಾಡಿಸಿದೆವು.

ಬುಡನ್‌ಸಾಬರಿಗೆ ನಾನೇ ಹೇಳಿದೆ:
ಅದು ಅಲ್ಲ.
‘ಅಲ್ಲಾ’ ಅಂದರು.
ನನ್ನ ಮಾತನ್ನೇ ಮರಳಿ ಅಂದರೋ
ಅವನನ್ನು ಕರೆದರೋ,
ಹಿಂದೆ ಹೊಲಿಗೆಯಂತ್ರ ಓಡುತ್ತಿತ್ತು, ತಿಳಿಯಲಿಲ್ಲ.

ಗುಳಿಗೆ ನಿಲ್ಲಿಸಿದರು. ನಾಲ್ಕನೇ ವಾರಕ್ಕೆ
ತುಟಿಯೊಳಗೆ ಉಗುರಗಲದ ಬಿಳಿ ಕಲೆ.
ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕು ಎಂದು ಬರೆದೆ,
ಅಂಥ ಹುಣ್ಣು ಮರಳುವುದೂ ಉಂಟು.

ಮಾಸಿದ ನೋವು ಮಾತ್ರ ಬೆರಳಿಗೆ ಹಿಂದಿರುಗಿತು.
ಮೊನ್ನೆ ಹೋದಾಗ ಸೂಜಿಗೆ ದಾರ ಪೋಣಿಸುತ್ತಿದ್ದವನು
ತಂಗಿಯ ಮಗ. ಅವರು ಪಕ್ಕದಲ್ಲಿ ಕೂತು
ಕುಚ್ಚು ಎಷ್ಟು ಉದ್ದ ಎಂದು ಬಾಯಲ್ಲೇ ಹೇಳುತ್ತಿದ್ದರು,
ತುಟಿಯ ನಡುವೆ ಮೂರು ಗುಂಡುಪಿನ್ನು.

ತೆಗೀರಿ ಅದನ್ನ, ಅಂದೆ.
ತೆಗೆದರು. ನಾನು ಹೊಸ್ತಿಲು ದಾಟುವವರೆಗೆ.